ನನ್ನ ಎದೆಮಟ್ಟದ ಈಜುಕೊಳ

ಹಿತ್ತಲಿನ ಈಜುಕೊಳವನ್ನು ಸ್ವತಃ ಕಟ್ಟಿಕೊಳ್ಳಬೇಕೋ, ಗುತ್ತಿಗೆದಾರನಿಗೆ ಕೊಡಬೇಕೋ ಎಂದು ಯಾರಾದರೂ ಕೇಳಿದರೆ ಸ್ವತಃ ಕಟ್ಟಿಕೊಳ್ಳಿ ಎಂದೇ ಹೇಳುತ್ತೇನೆ. ಇವತ್ತಿಗೂ ಹೇಳುತ್ತೇನೆ. ನನ್ನ ಹೆಂಡತಿ ಹತ್ತಿರದಲ್ಲಿ ಇಲ್ಲದಿದ್ದರೆ ಜೋರಾಗಿಯೇ ಹೇಳುತ್ತೇನೆ!

ಬನಹಟ್ಟಿಯ ನೇಕಾರ ಓಣಿಯಲ್ಲಿ ಈಜುಕೊಳವೇ ಎಂದು ನೀವು ನಗಬಹುದು. ನಕ್ಕವರ ಸಾಲು ಉದ್ದವಿದೆ, ಹಿಂದೆ ಹೋಗಿ ನಿಂತುಕೊಳ್ಳಿ. ಇದು ಶೋಕಿಯ ವಿಷಯವಲ್ಲ, ನನ್ನ ಹೆಂಡತಿ ಶಾಂತವ್ವನ ಮೊಣಕಾಲಿನ ವಿಷಯ. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಜಮಖಂಡಿಯ ಡಾಕ್ಟರು ಎಕ್ಸ್‌ರೇ ನೋಡಿ, ದಿನಾ ಅರ್ಧ ತಾಸು ಎದೆಮಟ್ಟದ ನೀರಿನಲ್ಲಿ ನಡೆದಾಡಲಿ, ಆರು ತಿಂಗಳು ನೋಡೋಣ, ಇಲ್ಲದಿದ್ದರೆ ಆಪರೇಷನ್ ಎಂದರು. ಆಪರೇಷನ್ ಎಂಬ ಮಾತು ಕೇಳಿ ಶಾಂತವ್ವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಕೃಷ್ಣಾ ನದಿಯೇನೋ ಹತ್ತಿರವೇ ಇದೆ. ಆದರೆ ಅಲ್ಲಿಯ ಮೊಸಳೆಗಳಿಗೂ ಅದೇ ಎದೆಮಟ್ಟದ ನೀರು ಇಷ್ಟ.

ಹೀಗಾಗಿ ದೊಡ್ಡ ಊರಿನಿಂದ ಒಬ್ಬ ಗುತ್ತಿಗೆದಾರ ಬಂದ. ಇಸ್ತ್ರಿ ಅಂಗಿ, ಕಪ್ಪು ಕನ್ನಡಕ. ಹಿತ್ತಲನ್ನು ಅಳೆದ, ಮಣ್ಣು ಹಿಸುಕಿ ನೋಡಿದ, ಕೊನೆಗೆ ಕೇಳಿದ: "ಕೊಳದಾಗ ಇಳಿಯೋರು ಯಾರ್ರಿ? ಅವರನ್ನ ಸ್ವಲ್ಪ ಕರೀರಿ."

ನನಗೆ ಮೈಯೆಲ್ಲ ಉರಿದುಹೋಯಿತು. ಕುಣಿ ತೋಡುವವನಿಗೆ ನಮ್ಮ ಮನೆಯ ಹೆಣ್ಣುಮಕ್ಕಳನ್ನು ನೋಡುವ ಕೆಲಸವೇನು? ಚಹಾ ಕುಡಿಸಿದೆ, ಬಸ್‌ಸ್ಟ್ಯಾಂಡಿಗೆ ಬಿಟ್ಟು ಬಂದೆ. ಮರಳಿ ಬರುವಾಗಲೇ ತೀರ್ಮಾನ ಆಗಿತ್ತು. ಕೊಳ ನಾನೇ ಕಟ್ಟುತ್ತೇನೆ!

ಅಲ್ಲ, ನೇಕಾರನಿಗೆ ಕುಣಿ ತೋಡುವುದನ್ನು ಇವನು ಕಲಿಸಬೇಕೆ? ಕುಣಿಮಗ್ಗ ನೋಡದವರಿಗೆ ಹೇಳುತ್ತೇನೆ. ನೆಲದಲ್ಲಿ ಒಂದು ಕುಣಿ ಇರುತ್ತದೆ. ನೇಯುವವನು ಅದರ ಅಂಚಿನಲ್ಲಿ ಕೂತು, ಕಾಲು ಒಳಗೆ ಇಳಿಬಿಟ್ಟು, ತಳದ ಹಲಗೆ ತುಳಿಯುತ್ತ ನೇಯುತ್ತಾನೆ. ಕುಣಿಯ ಆಳ ಕೂರುವವನ ಕಾಲಿನ ಅಳತೆಗೇ ಇರಬೇಕು, ಅದು ನಿಯಮ. ನಮ್ಮಪ್ಪ ತನ್ನ ಅಳತೆಗೆ ತೋಡಿದ್ದ. ಆರಡಿ ಬೆಳೆದ ನಾನು ಅದನ್ನು ಇನ್ನೂ ಒಂದು ಗೇಣು ಇಳಿಸಿದೆ. ನಾನು ಸೀರೆಯ ಗಂಟು ಹೊತ್ತು ವ್ಯಾಪಾರಕ್ಕೆ ಊರೂರು ತಿರುಗತೊಡಗಿದ ಮೇಲೆ ಶಾಂತವ್ವ ಅದೇ ಕುಣಿಯಲ್ಲಿ ಹದಿನೆಂಟು ವರ್ಷ ನೇಯ್ದಳು. ಒಂದು ಹಿಡಿ ಮಣ್ಣು ಕುಸಿಯಲಿಲ್ಲ. ಅಂಥ ಕುಣಿ!

ಪಕ್ಕದ ಮನೆಯ ಈರಪ್ಪ ಮಾಸ್ತರು ನಿವೃತ್ತರು, ಅಂದರೆ ಇಡೀ ದಿನ ನಮ್ಮ ಕಂಪೌಂಡಿನ ಮೇಲೆ ಮೊಣಕೈ ಊರಿ ನಿಲ್ಲುವವರು.

"ನಿಮಗ ಈಸಾಕ ಬರತೈತೇನ್ರಿ?" ಎಂದರು.

"ಕುಣಿ ತೋಡಾಕ ಈಸೂದು ಯಾಕ ಬೇಕ್ರಿ ಮಾಸ್ತರ?" ಎಂದೆ. ಅವರು ಕಂಪೌಂಡಿನಿಂದ ಮೊಣಕೈ ತೆಗೆದು ಒಳಗೆ ಹೋದರು. ವಾದದಲ್ಲಿ ನಾನು ಗೆದ್ದ ದಿನ ಅದೊಂದೇ, ಆದ್ದರಿಂದ ಬರೆದಿಡುತ್ತಿದ್ದೇನೆ.

ಶಾಸ್ತ್ರೋಕ್ತವಾಗಿ ಅಳತೆ ಹಿಡಿದೆ. ಹಿತ್ತಲ ಗೋಡೆಗೆ ಬೆನ್ನು ಹಚ್ಚಿ ನಿಂತು, ನನ್ನ ಎದೆಯ ಮಟ್ಟಕ್ಕೆ ಸೀಮೆಸುಣ್ಣದಿಂದ ಗೆರೆ ಎಳೆದೆ. ಡಾಕ್ಟರು ಎದೆಮಟ್ಟ ಎಂದಿದ್ದರಲ್ಲ, ಎದೆಮಟ್ಟ! ಔಷಧಿ ಕಡಿಮೆ ಬೀಳಬಾರದೆಂದು ನಾಲ್ಕು ಬೆರಳು ಹೆಚ್ಚಿಗೆ ಸೇರಿಸಿದೆ.

ನಮ್ಮ ಓಣಿಗೆ ಜೆಸಿಬಿ ನುಗ್ಗದು. ಇಬ್ಬರು ಆಳು ಹಿಡಿದು ಗುದ್ದಲಿಯಲ್ಲೇ ತೋಡಿಸಿದೆ. ಹೊರಬಂದ ಮಣ್ಣನ್ನು ಎಲ್ಲಿ ಹಾಕಬೇಕೆಂದು ಮಾತ್ರ ಯೋಚಿಸಿರಲಿಲ್ಲ. ಅದು ತನ್ನಷ್ಟಕ್ಕೆ ತಾನೇ ಈರಪ್ಪ ಮಾಸ್ತರ ಬಾಗಿಲ ಮುಂದೆ ಹೋಗಿ ಕೂತಿತು. ಅದನ್ನು ಓಣಿಯ ತುದಿಗೆ ಸಾಗಿಸುವ ತನಕ ಎಂಟು ದಿನ ಮಾಸ್ತರು ನಮ್ಮ ಅಡುಗೆಮನೆಯ ಮೂಲಕ ತಮ್ಮ ಮನೆಗೆ ಹೋಗಿ ಬಂದರು. ಹೋಗುವಾಗ ಒಂದು ಚಹಾ, ಬರುವಾಗ ಒಂದು ಚಹಾ. ಶಾಂತವ್ವ ನೋಯುವ ಕಾಲಲ್ಲೇ ನಿಂತು ಅಷ್ಟೂ ಚಹಾ ಮಾಡಿದಳು.

ಆಮೇಲೆ ಹಾಸು. ಕೃಷಿಹೊಂಡಕ್ಕೆ ಹಾಕುವ ದಪ್ಪ ಪ್ಲಾಸ್ಟಿಕ್ ತಂದು, ಸೀರೆಗೆ ನೆರಿಗೆ ಹಿಡಿದಂತೆ ಮೂಲೆಮೂಲೆಗೂ ನೆರಿಗೆ ಹಿಡಿದೆ. ಕೆಲಸ ಎಷ್ಟು ಚಂದ ಬಂದಿತೆಂದರೆ, ಒಳಗಿಳಿದು ಮೂರು ಸುತ್ತು ನಡೆದು ನೋಡಿದೆ. ಕಾಲಲ್ಲಿ ಮೊಳೆ ಹೊಡೆಸಿದ ಚಪ್ಪಲಿ ಇತ್ತು. ಆ ರಾತ್ರಿ ತುಂಬಿಸಿದ ನೀರು ಬೆಳಗಾಗುವುದರೊಳಗೆ ಮಾಸ್ತರ ಗೋಡೆಯಲ್ಲಿ ಕಾಣಿಸಿಕೊಂಡಿತು. ಮತ್ತೆ ಹಾಸು ಎತ್ತಿದೆ, ತೇಪೆ ಹಚ್ಚಿದೆ, ನೀರು ಬಿಟ್ಟೆ. ಗುತ್ತಿಗೆದಾರನ ನೆನಪು ಒಮ್ಮೆಯೂ ಬರಲಿಲ್ಲ. ಬಂದರೂ ಒಳಗೆ ಬಿಡಲಿಲ್ಲ.

ಉದ್ಘಾಟನೆಯ ದಿನ ಮುಧೋಳದಿಂದ ನಾದಿನಿ ಬಂದಳು. ಕಾಯಿ ಒಡೆದೆವು. ಮೊದಲು ನಾನು ಇಳಿದೆ. ನೀರು ಸರಿಯಾಗಿ ನನ್ನ ಎದೆಗೆ! ಪ್ರಮಾಣವಚನ ತೆಗೆದುಕೊಂಡ ಹೊಸ ಮಂತ್ರಿಯ ಹಾಗೆ ನೀರಿನಲ್ಲೇ ನಿಂತು ಎಲ್ಲರಿಗೂ ಕೈ ಮುಗಿದೆ. ಆಮೇಲೆ ಶಾಂತವ್ವ ಇಳಿಯತೊಡಗಿದಳು. ಈರಪ್ಪ ಮಾಸ್ತರು ಮರ್ಯಾದೆಯಿಂದ ಆ ಕಡೆ ಮುಖ ಮಾಡಿ ನಿಂತರು. ಅವಳು ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು, ಒಂದು ಕಡೆ ನಿಂತುಬಿಟ್ಟಳು. ನೀರು ಅವಳ ಗದ್ದಕ್ಕೆ ತಾಗುತ್ತಿತ್ತು.

"ಇನ್ನ ಎಷ್ಟು ಮೆಟ್ಲ ಅದಾವ್ರಿ?"

"ಒಂದೇ ಒಂದು," ಎಂದೆ. "ಸ್ವಲ್ಪ ದೊಡ್ಡದು."

ಅವಳು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಗದ್ದ ಮೇಲೆತ್ತಿ ಮೆಲ್ಲಗೆ ಹೇಳಿದಳು: "ಮಗ್ಗದ ಕುಣೀನೂ ನಿಮ್ಮ ಅಳತೀಗೇ ಇತ್ತು. ಹದಿನೆಂಟು ವರ್ಷ ಅಂಚಿಗೆ ಜೋತುಬಿದ್ದು ತುದಿಗಾಲಿಲೆ ತುಳದೇನಿ. ಈ ಮೊಣಕಾಲ ಹೆಂಗ ಹೋದೂ ಅಂತ ತಿಳದೀರಿ?"

"ಆವಾಗ ಹೇಳಬೇಕಿತ್ತಲ್ಲ?"

"ಹೇಳಿದ್ದೆ. ಹೊಂದಿಕೋ ಅಂದಿದ್ರಿ."

ಅಂದಿದ್ದೆ. ಗಂಟು ಕಟ್ಟುತ್ತ, ಅವಳ ಕಡೆ ನೋಡದೆ ಅಂದಿದ್ದೆ. ಈಗ ಎಲ್ಲ ನೆನಪಾಯಿತು. ಎದೆಮಟ್ಟದ ನೀರಿನಲ್ಲಿ ನಿಂತವನಿಗೆ ಮುಳುಗಿಹೋದರೆ ಚೆನ್ನಾಗಿತ್ತು ಅನ್ನಿಸಿತು. ನನ್ನ ಅಳತೆ ಅದಕ್ಕೂ ಬಿಡಲಿಲ್ಲ!

ಮರುದಿನ ಟೇಪು ತಂದು ಶಾಂತವ್ವನನ್ನು ಅದೇ ಗೋಡೆಗೆ ನಿಲ್ಲಿಸಿದೆ. ಊರೂರಿನ ಹೆಂಗಸರಿಗೆ ಸೀರೆ ಅಳೆದು ಕೊಟ್ಟವನು ನಾನು. ಮೂವತ್ತು ವರ್ಷದ ಸಂಸಾರದಲ್ಲಿ ಹೆಂಡತಿಯ ಎತ್ತರ ನೋಡಿದ್ದು ಅಂದೇ. ನನ್ನ ಗೆರೆಯ ಎಷ್ಟೋ ಕೆಳಗೆ ಅವಳ ಗೆರೆ ಬಿತ್ತು. ಗುತ್ತಿಗೆದಾರ ಅಂದು 'ಅವರನ್ನ ಕರೀರಿ' ಎಂದದ್ದು ಈ ಗೆರೆಗೇ ಇದ್ದೀತು. ನಾಚಿಕೆಯಾಯಿತು. ಹಾಸು ಕಿತ್ತು, ಓಣಿಯ ಮಣ್ಣನ್ನೆಲ್ಲ ವಾಪಸ್ ತುಂಬಿ, ತಳವನ್ನೇ ನಿನ್ನ ಅಳತೆಗೆ ಎತ್ತರಿಸುತ್ತೇನೆ ಎಂದು ಘೋಷಿಸಿದೆ. ಗುದ್ದಲಿಯನ್ನೂ ಹುಡುಕಿ ತಂದೆ.

"ನೀರ ಕಡಿಮಿ ಮಾಡ್ರಿ. ಸಾಕು," ಎಂದಳು.

ಅದು ನನಗೆ ಹೊಳೆದಿರಲಿಲ್ಲ.

ಈಗ ನಾಲ್ಕು ತಿಂಗಳಾಯಿತು. ಶಾಂತವ್ವ ದಿನಾ ಅರ್ಧ ತಾಸು ನೀರಿನಲ್ಲಿ ನಡೆಯುತ್ತಾಳೆ. ಮೊನ್ನೆ ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿ ಬಂದಳು. ಜೊತೆಗೆ ಒಬ್ಬರು ಇರಲೇಬೇಕೆಂದು ನಾನೂ ಇಳಿಯುತ್ತೇನೆ. ನೀರು ಅವಳಿಗೆ ಎದೆಮಟ್ಟ, ನನಗೆ ಸೊಂಟ. ಇಬ್ಬರ ಭುಜ ಸಮ ಬರಲಿ ಎಂದು ನಾನು ಮೊಣಕಾಲು ಬಗ್ಗಿಸಿಕೊಂಡೇ ಅವಳ ಪಕ್ಕ ನಡೆಯುತ್ತೇನೆ. ಬಗ್ಗಿಸಬೇಕೆಂದು ಅವಳೇನೂ ಹೇಳಿಲ್ಲ. ಹೋದ ವಾರದಿಂದ ನನ್ನ ಮೊಣಕಾಲುಗಳೂ ನೋಯತೊಡಗಿವೆ.

"ಹೊಂದಿಕೋರಿ," ಎನ್ನುತ್ತಾಳೆ ಶಾಂತವ್ವ.

ಹೊಂದಿಕೊಳ್ಳುತ್ತಿದ್ದೇನೆ. ಗುತ್ತಿಗೆದಾರನನ್ನು ಮಾತ್ರ ಕರೆಯುವುದಿಲ್ಲ!