ಚೆಂಡು ಹೋದ ದಾರಿ

ನೀಲಕಂಠಪ್ಪ: ಅಯ್ಯಾರ, ಈ ಬಚ್ಚಲಮನಿ ಇನ್ನೂ ಎಷ್ಟೊತ್ತು ನಡೀತೈತ್ರಿ? ಗಾಲ್ಫ್ ಯಾವಾಗ ಬರತೈತಿ?

ಮಹಾಂತಯ್ಯ: ಬರತೈತಿ, ತಡಿ. ಬಿಸಿನೀರಿನ ನಳ ಎಡಕ್ಕೈತೋ ಬಲಕ್ಕೈತೋ ಅನ್ನೂದು ಮಂದಿಗೆ ತಿಳೀಬೇಕಲ್ಲ.

ನೀಲಕಂಠಪ್ಪ: ಮಂದಿ ಊಟಿಗೆ ಹೋಗೂದು ಜಳಕಾ ಮಾಡಾಕ ಅಲ್ರಿ.

ಮಹಾಂತಯ್ಯ: ನೀ ಮತ್ತೇನು ಮಾಡಿದಿ ಅಲ್ಲಿ? ಆ ಬಿಸಿನೀರು ಬಿಟ್ಟು ಹೊರಗ ಬಂದದ್ದೆಲ್ಲಿ?

ಇದು ನಡೆದದ್ದು ಧಾರವಾಡದಲ್ಲಿ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ಮಹಾಂತಯ್ಯನವರ ಪಡಸಾಲೆಯಲ್ಲಿ, ಊಟಿಯಲ್ಲಿ ತೆಗೆದ ಕ್ಯಾಸೆಟ್ಟು ಓಡುತ್ತಿದ್ದ ಟಿವಿಯ ಮುಂದೆ. ನೀಲಕಂಠಪ್ಪ ಹುಬ್ಬಳ್ಳಿಯ ಹತ್ತಿ ವ್ಯಾಪಾರಿ. ಗೆಳೆಯ ಜಂಗಮರಾದ್ದರಿಂದ ಎಷ್ಟೇ ಸಿಟ್ಟು ಬಂದರೂ ಅವರನ್ನು ಬಹುವಚನದಲ್ಲಿಯೇ ಬೈಯುತ್ತಿದ್ದರು. ತೊಂಬತ್ನಾಲ್ಕನೆಯ ಇಸವಿಯಿಂದ ಈ ಇಬ್ಬರೂ ಊರೂರಿನ ಗಾಲ್ಫ್ ಮೈದಾನಗಳಿಗೆ ಹೋಗಿ, ಆಡಿ, ಅದನ್ನು ಹುಬ್ಬಳ್ಳಿಯ ಒಂದು ಕೇಬಲ್ ಚಾನೆಲ್ಲಿನಲ್ಲಿ ಭಾನುವಾರ ಸಂಜೆ ತೋರಿಸುತ್ತ ಬಂದಿದ್ದರು. ಕಾರ್ಯಕ್ರಮದ ಹೆಸರು ‘ಚೆಂಡು ಹೋದ ದಾರಿ’. ಬಂಡವಾಳ ಸಣ್ಣದು: ಒಂದು ಕ್ಯಾಮೆರಾ, ಒಂದೆರಡು ಕೋಲು, ಮತ್ತು ಸಂಬಳ ಕೇಳದೆ ಕ್ಯಾಮೆರಾ ಹಿಡಿಯುವ ಮಹಾಂತಯ್ಯನವರ ಹೆಂಡತಿ ಗೌರಕ್ಕ. ಹೊಡೆಯುವ ಮುನ್ನ ಚೆಂಡನ್ನು ಕಟ್ಟಿಗೆಯ ಪುಟ್ಟ ಗೂಟದ ಮೇಲೆ ಕೂಡಿಸಬೇಕು. ಕೆಲವು ವರ್ಷಗಳಿಂದ ಆ ಕೆಲಸವೂ ಗೌರಕ್ಕನವರ ಪಾಲಿಗೆ ಬಂದಿತ್ತು. ಗಂಡಸರಿಬ್ಬರಿಗೂ ಬಗ್ಗಲು ಆಗುತ್ತಿರಲಿಲ್ಲ, ಬಗ್ಗಿದರೆ ಏಳಲು ಆಗುತ್ತಿರಲಿಲ್ಲ.

ಮೊದಮೊದಲು ಇಬ್ಬರೂ ಬಸ್ಸಿಳಿದವರೇ ಮೈದಾನಕ್ಕೆ ನಡೆಯುತ್ತಿದ್ದರು. ಗಾಳಿ ಯಾವ ಕಡೆಗೆ ಬೀಸುತ್ತದೆ, ಹುಲ್ಲು ಎಷ್ಟು ತೇವವಾಗಿದೆ ಎಂದು ವಾದಿಸುತ್ತಿದ್ದರು. ಆಗ ಜಾಹೀರಾತು ಕೊಡುತ್ತಿದ್ದದ್ದು ಬೂಟಿನ ಅಂಗಡಿ. ಬರಬರುತ್ತ ಗಾಳಿಯ ಮಾತು ಕಡಿಮೆಯಾಗಿ ನೆರಳಿನ ಮಾತು ಹೆಚ್ಚಾಯಿತು, ಆಮೇಲೆ ಬೆಂಚಿನದು, ಆಮೇಲೆ ಹಲ್ಲಿಗೆ ತ್ರಾಸು ಕೊಡದ ಇಡ್ಲಿಯದು. ಬೂಟಿನ ಅಂಗಡಿ ಹೋಗಿ ಮೊಣಕಾಲು ನೋವಿನ ಎಣ್ಣೆಯವನು ಬಂದ. ಈಗ ಅವನೂ ಹೋಗಿದ್ದ.

ನೀಲಕಂಠಪ್ಪ: ಆ ಎಣ್ಣಿಯಾಂವ ಬಿಟ್ಟು ಹೋದದ್ದು ನಿಮ್ಮಿಂದ. ನಾಕು ಪಾವಟಿಗಿ ಹತ್ತೂದರಾಗ ನಡುವ ಕುಂತ್ರಿ. ಟಿವಿ ಪರದೆ ಕೆಳಗ ಅವನ ಎಣ್ಣಿ ಹೆಸರು ಓಡಾಕತ್ತಿತ್ತು.

ಮಹಾಂತಯ್ಯ: ನಾ ಹತ್ತಿ ಕುಂತ್ನಿ. ನೀ ಹತ್ತಲೇ ಇಲ್ಲ. ಕೆಳಗ ನಿಂತು, ಇವು ಬ್ರಿಟಿಷರ ಕಾಲದ ಪಾವಟಿಗಿ, ಇವನ್ನ ದೂರದಿಂದ ನೋಡಬೇಕು ಅಂತ ಭಾಷಣ ಮಾಡಿದಿ.

ಚಾನೆಲ್ಲಿನ ವಿನೋದ ಕೊನೆಯ ಮಾತು ಹೇಳಿ ಕಳಿಸಿದ್ದ. ಒಬ್ಬ ಲೇಹ್ಯದ ವ್ಯಾಪಾರಿ ಜಾಹೀರಾತು ಕೊಡಲು ತಯಾರಿದ್ದಾನೆ, ಆದರೆ ಚೆಂಡು ಹಾರುವ ಒಂದಾದರೂ ಹೊಡೆತ ಅವನಿಗೆ ಬೇಕು. ಅದಿಲ್ಲದಿದ್ದರೆ ಭಾನುವಾರದ ಅರ್ಧ ಗಂಟೆ ತೂಕ ಇಳಿಸುವ ಚಹಾದವರಿಗೆ ಹೋಗುತ್ತದೆ. ಇವತ್ತು ಸಂಜೆ ವಿನೋದನೇ ಬಂದು ಊಟಿಯ ಕ್ಯಾಸೆಟ್ಟು ಒಯ್ಯುವವನಿದ್ದ.

ನೀಲಕಂಠಪ್ಪ: ಇದರಾಗ ಹೊಡತ ಐತೋ ಇಲ್ಲೋ, ಅಷ್ಟ ಹೇಳ್ರಿ.

ಮಹಾಂತಯ್ಯ: ಹೊಡದ್ನಲ್ಲ. ಗಿಡಾ ದಾಟಿ ಹೋತು ಅಂತ ನೀನ ಅಂದಿ.

ನೀಲಕಂಠಪ್ಪ: ಹೌದು, ಅಂದ್ನಿ. ಅಂಥಾ ಹೊಡತ ನೀವು ಬೆಳಗಾವ್ಯಾಗ ಸುದ್ದಾ ಹೊಡದಿರಲಿಲ್ಲ.

ಅಷ್ಟರಲ್ಲಿ ಹೊಡೆತ ಬಂತು. ತೆಳುವಾದ ಮಂಜು. ಮಹಾಂತಯ್ಯ ಕೋಲೆತ್ತಿ ಬೀಸಿದರು, ಮೈ ತಿರುಗಿತು, ಕೋಲು ಹೆಗಲ ಮೇಲೆ ಬಂದು ನಿಂತಿತು. ಹುಬ್ಬಿಗೆ ಕೈಯಿಟ್ಟು ದೂರದ ಮರಗಳತ್ತ ನೋಡಿದರು. ಪಕ್ಕದಲ್ಲಿ ಮಂಕಿ ಟೋಪಿಯೊಳಗಿನ ನೀಲಕಂಠಪ್ಪ, ‘ಹೋತು, ಹೋತು, ಗಿಡಾ ದಾಟಿ ಹೋತು’ ಎಂದರು. ಪಡಸಾಲೆಯಲ್ಲಿದ್ದ ಇಬ್ಬರೂ ಸಮಾಧಾನದಿಂದ ಕುರ್ಚಿಗೆ ಒರಗಿದರು.

ಗೌರಕ್ಕ ಅಡಿಗೆಮನೆಯ ಬಾಗಿಲಲ್ಲಿ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು.

ಗೌರಕ್ಕ: ಒಂದೀಟು ಹಿಂದಕ್ಕ ತಿರುವ್ರಿ. ಹೂಂ, ಅಲ್ಲೇ ನಿಲ್ಲಸ್ರಿ. ನಿಮ್ಮ ಕಾಲಮುಂದ ಬೆಳ್ಳಗ ಏನದು?

ಮಹಾಂತಯ್ಯ: ಹೂವು ಇರಬೇಕು. ಊಟ್ಯಾಗ ಹೂವು ಭಾಳ.

ಗೌರಕ್ಕ: ಗೂಟದ ಮ್ಯಾಲ ಅರಳತೈತೇನು?

ಇಬ್ಬರೂ ಎದ್ದು ಟಿವಿಗೆ ಮೂಗು ತಾಕುವಷ್ಟು ಹತ್ತಿರ ಹೋದರು. ಚೆಂಡು ಗೂಟದ ಮೇಲೆ, ಗೌರಕ್ಕ ಕೂಡಿಸಿದಲ್ಲಿಯೇ ಕುಳಿತಿತ್ತು.

ನೀಲಕಂಠಪ್ಪ: ಇದು ಹೊಡೆಯೂಕಿಂತ ಮುಂಚಿಂದು ಇರಬೇಕ್ರಿ, ವೈನಿ.

ಗೌರಕ್ಕ: ಕೋಲು ಇವರ ಹೆಗಲ ಮ್ಯಾಲೈತಿ. ನಿಮ್ಮ ಬಾಯಾಗ ಆಗಲೇ ಚೆಂಡು ಗಿಡಾ ದಾಟೈತಿ.

ಮಹಾಂತಯ್ಯ ನಿಧಾನವಾಗಿ ಗೆಳೆಯನ ಕಡೆಗೆ ತಿರುಗಿದರು.

ಮಹಾಂತಯ್ಯ: ನಿನಗ ಚೆಂಡು ಕಂಡಿತ್ತಿಲ್ಲೋ?

ನೀಲಕಂಠಪ್ಪ: ನನಗ ಚೆಂಡು ಕಾಣಲಾರದ ಭಾಳ ದಿನಾ ಆತ್ರಿ. ಟಕ್ ಅಂತ ಸಪ್ಪಳಾದ ಕೂಡ್ಲೆ ಹೋತು ಅಂತೇನಿ. ಅವತ್ತು ಟೋಪಿ ಕಿವಿ ಮ್ಯಾಲಿತ್ತು, ಸಪ್ಪಳ ಕೇಳಸಲಿಲ್ಲ. ನಿಮ್ಮ ಗತ್ತು ನೋಡಿ ಅಂದ್ನಿ.

ಮಹಾಂತಯ್ಯ: ಗಿಡಾ ಯಾಕ ದಾಟಿಸಿದಿ?

ನೀಲಕಂಠಪ್ಪ: ಗಿಡ ಅಷ್ಟ ಕಾಣಾಕತ್ತಿತ್ತು. ಅಲ್ರೀ, ಹೊಡದವರು ನೀವು. ಕೋಲಿಗೆ ಏನೂ ತಾಕಿಲ್ಲ ಅಂತ ಕೈಗೆ ಗೊತ್ತಾಗಲಿಲ್ಲೇನು?

ಮಹಾಂತಯ್ಯ: ಗೊತ್ತಾತು. ಭಾಳ ನಾಜೂಕು ಹೊಡತ ಬಿತ್ತು ಅಂದ್ಕೊಂಡ್ನಿ. ದೊಡ್ಡ ಆಟಗಾರರಿಗೆ ಕೈಗೆ ಏನೂ ತಿಳಿಯೂದಿಲ್ಲಂತ.

ಯೋಚಿಸಿದಷ್ಟೂ ನೀಲಕಂಠಪ್ಪನವರ ಮುಖ ಸಣ್ಣದಾಯಿತು.

ನೀಲಕಂಠಪ್ಪ: ಕೊಲ್ಲಾಪುರದಾಗ ನಾ ಹೊಡದಾಗ ನೀವಂದ್ರಿ, ಬಾವುಟದ ಕುಣಿ ಬಾಜೂಕ ಬಿತ್ತು ಅಂತ. ಅದನ್ನ ನೀವು ಕಂಡಿದ್ರಿ ಹೌದಲ್ರಿ?

ಮಹಾಂತಯ್ಯ (ಕನ್ನಡಕ ಒರೆಸುತ್ತ): ನೀ ನನಗ ಗಿಡಾ ದಾಟಿಸಿದಿ. ನಾ ನಿನಗ ಕುಣಿ ಮುಟ್ಟಿಸಿದ್ನಿ. ಈಗ ಅದನ್ನೆಲ್ಲಾ ಯಾಕ ತಗೀತಿ?

ಆಮೇಲೆ ಇಬ್ಬರೂ ಒಂದಾಗಿ ಗೌರಕ್ಕನ ಮೇಲೆ ತಿರುಗಿದರು. ಅಲ್ಲಿಯೇ ಹೇಳಿದ್ದರೆ ಇನ್ನೊಮ್ಮೆ ಹೊಡೆಯುತ್ತಿದ್ದೆವಲ್ಲ ಎಂದರು.

ಗೌರಕ್ಕ: ಕ್ಯಾಮೆರಾ ಹಿಡದವರು ಮಾತಾಡಬಾರದು ಅಂತ ನೇಮ ಮಾಡಿದವರು ಯಾರು?

ನೇಮ ಮಾಡಿದವರು ಆ ಗಂಡಸರಿಬ್ಬರೇ. ಮೊಟ್ಟಮೊದಲ ಕಂತಿನಲ್ಲಿ, ಬೆಳಗಾವಿಯ ಬಿಸಿಲಿನಲ್ಲಿ ಮಹಾಂತಯ್ಯ ಗಾಳಿಯ ವೇಗವನ್ನು ವಿವರಿಸುತ್ತಿದ್ದಾಗ, ಕ್ಯಾಮೆರಾದ ಹಿಂದಿನಿಂದ ‘ನೆರಳಿಗೆ ಬಂದು ಮಾತಾಡ್ರಿ’ ಎಂದು ಒಂದು ದನಿ ಬಂದಿತ್ತು. ಹುಬ್ಬಳ್ಳಿಯ ಮಂದಿ ಅದನ್ನೇ ಆಡಿಕೊಂಡು ನಕ್ಕಿದ್ದರು. ಅಂದಿನಿಂದ ಗೌರಕ್ಕ ಬಾಯಿ ಬಿಟ್ಟಿರಲಿಲ್ಲ. ಅವರು ಹೇಳಿದ ನೆರಳಿಗೆ ಕಾರ್ಯಕ್ರಮ ಬಂದು ತಲುಪಲು ಮಾತ್ರ ಎಂಟು ವರ್ಷ ಹಿಡಿಯಿತು.

ನೀಲಕಂಠಪ್ಪ: ಈಗ ಕೆಲಗೇರಿ ಕೆರಿ ದಂಡಿಗೆ ಹೋಗಿ ಒಂದು ಹೊಡತ ಹೊಡದು ಬರೂಣ್ರಿ. ಟೋಪಿ ಹಾಕ್ಕೊಂಡ್ರ ಊಟಿನ ಅನ್ನಸತೈತಿ.

ಗೌರಕ್ಕ: ಹಿಂದ ಎಮ್ಮಿ ನಿಂತಿರತಾವ.

ನೀಲಕಂಠಪ್ಪ: ಊಟ್ಯಾಗೂ ಎಮ್ಮಿ ಅದಾವ, ವೈನಿ.

ಮಹಾಂತಯ್ಯ: ಹೊಡದದ್ದು ತಾಕತೈತಿ ಅಂತ ಏನು ಖಾತ್ರಿ? ಮೊದಲ ಕಣ್ಣಿನ ಆಪರೇಶನ್ ಮಾಡಿಸ್ಕೋಬೇಕು, ಇಬ್ರೂ.

ಗೌರಕ್ಕ: ಕಣ್ಣು ಮಾಡಿಸ್ಕೊಂಡ್ರ ಪ್ರೋಗ್ರಾಮ್ ಅವತ್ತ ನಿಂದ್ರತೈತಿ. ಚೆಂಡು ಎಲ್ಲಿ ಹೋಗತೈತಿ ಅಂತ ಕಂಡ ಮ್ಯಾಲ ನೀವಿಬ್ರೂ ಕೋಲು ಮುಟ್ಟೂದಿಲ್ಲ.

ನೀಲಕಂಠಪ್ಪ ನಗಲಿಲ್ಲ.

ನೀಲಕಂಠಪ್ಪ: ಹುಬ್ಬಳ್ಳಿ ದುರ್ಗದ ಬೈಲಿನಾಗ ಹೊಂಟ್ರ ಮಂದಿ ನಿಲ್ಲಿಸಿ ಕೇಳತಾರ್ರಿ, ಈ ವಾರ ಚೆಂಡು ಎಲ್ಲೀತನಕ ಹೋತು ಅಂತ. ಇದು ನಿಂತ್ರ ಬರೇ ಹತ್ತಿ ಧಾರಣಿ ಕೇಳತಾರ.

ಮಹಾಂತಯ್ಯ ಕ್ಯಾಸೆಟ್ಟನ್ನು ಮೊದಲಿಗೆ ತಿರುವಿ ಹೊರಗೆ ತೆಗೆದು, ವಿನೋದನಿಗೆ ಖರೆ ಹೇಳಿಬಿಡೋಣ, ಆದದ್ದಾಗಲಿ ಎಂದರು. ಬ್ಯಾಂಕಿನಲ್ಲಿ ದುಡಿದವರಿಗೆ ಇಂಥ ನಿರ್ಧಾರ ಕಡೆಯ ಗಳಿಗೆಯಲ್ಲಿ ಬರುತ್ತದೆ. ಹೊರಗೆ ಮೋಟಾರ್ ಸೈಕಲ್ ನಿಂತಿತು.

ಹುಬ್ಬಳ್ಳಿಯ ಗೋಕುಲ ರಸ್ತೆಯ ಆಫೀಸಿನಿಂದ ಧೂಳು ತಿಂದು ಬಂದಿದ್ದ ವಿನೋದ ಯಾರ ಮಾತಿಗೂ ಕಾಯದೆ ಕ್ಯಾಸೆಟ್ಟು ಹಾಕಿದ. ಬಚ್ಚಲಮನೆಯನ್ನು ಪೂರ್ತಿ ನೋಡಿದ. ನಳ ಎಡಕ್ಕಿದೆ ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಹೊಡೆತ ಬಂದಾಗ ಮುಂದಕ್ಕೆ ಸರಿದು ಕುಳಿತ. ಹಿಂದಕ್ಕೆ ತಿರುವಿ ಇನ್ನೊಮ್ಮೆ ನೋಡಿದ. ಹಿರಿಯರಿಬ್ಬರೂ ಜಮಖಾನೆಯ ಅಂಚು ನೋಡುತ್ತಿದ್ದರು.

ಮಹಾಂತಯ್ಯ: ವಿನೋದ, ಒಂದು ಮಾತು ಹೇಳಬೇಕಪಾ.

ವಿನೋದ: ಏನು ಹೇಳೂದೈತ್ರಿ ಕಾಕಾ. ಈ ವಯಸ್ಸಿನಾಗ ಇಂಥಾ ಹೊಡತ. ಗಿಡಾ ದಾಟಿ ಹೋತಲ್ರಿ.

ಮಹಾಂತಯ್ಯ: ನಿನಗ ಕಂಡಿತೇನು?

ವಿನೋದ: ಕಾಣಲಾರದ ಏನ್ರಿ? ಬೆಳ್ಳಗ ಹೋತು, ಬಲಗಡೆ ಗಿಡದ ಮ್ಯಾಲಿಂದ.

ನೀಲಕಂಠಪ್ಪ: ಬಲಗಡೆ ಅಲ್ಲ, ನಡುವಿನ ಗಿಡ.

ವಿನೋದ: ಹೌದ್ರಿ, ನಡುವಿಂದ.

ಮಹಾಂತಯ್ಯ ಖರೆ ಹೇಳುವುದನ್ನು ಬಿಟ್ಟು ಕನ್ನಡಕ ಮತ್ತೆ ಒರೆಸತೊಡಗಿದರು. ಲೇಹ್ಯದವನು ಇದನ್ನು ನೋಡಿದರೆ ವರ್ಷಪೂರ್ತಿ ಬಿಡುವುದಿಲ್ಲ ಎಂದ ವಿನೋದ ಕ್ಯಾಸೆಟ್ಟನ್ನು ಚೀಲಕ್ಕೆ ಹಾಕಿಕೊಂಡ. ಹೊಸ್ತಿಲಲ್ಲಿ ನಿಂತು ತಿರುಗಿದ.

ವಿನೋದ: ಆ ಚೆಂಡೊಂದು ಇದ್ದಿದ್ರ ಲೇಹ್ಯದ ಡಬ್ಬಿ ಬಾಜೂಕ ಇಟ್ಟು ತೋರಿಸಬಹುದಿತ್ತು. ಅಷ್ಟು ದೂರ ಹೋದದ್ದು ಇನ್ನೆಲ್ಲಿ ಸಿಗತೈತಿ ಬಿಡ್ರಿ.

ಗೌರಕ್ಕ ಬೆಳ್ಳುಳ್ಳಿಯ ಬುಟ್ಟಿ ಬದಿಗಿಟ್ಟು ಎದ್ದರು. ಕ್ಯಾಮೆರಾದ ಚೀಲದಿಂದ ಚೆಂಡು ತೆಗೆದು ಅವನ ಅಂಗೈಗೆ ಹಾಕಿದರು.

ವಿನೋದ: ಅಲ್ಲೀತನಕ ಹೋಗಿ ಹುಡುಕಿ ತಂದ್ರೇನು, ಕಾಕೂ?

ಪಡಸಾಲೆಯಲ್ಲಿ ಗಂಡಸರಿಬ್ಬರೂ ಮತ್ತೆ ಜಮಖಾನೆಯ ಅಂಚಿಗೆ ಕಣ್ಣಿಟ್ಟರು.

ಗೌರಕ್ಕ: ದೂರ ಏನಿರಲಿಲ್ಲಪಾ. ಬಗ್ಗೂದ ತ್ರಾಸ ಆತು.