ಖಾನಾಪುರಕ್ಕೆ ಕೇಳದ ದನಿ

ನನಗೆ ಒಂದು ಚಟವಿದೆ. ಎಲೆ ಅಡಿಕೆಯದ್ದಲ್ಲ, ಚಹಾದ್ದೂ ಅಲ್ಲ. ಕಂಪ್ಯೂಟರಿನ ಮೂಲೆಯಲ್ಲಿ 'ಹೊಸ ಅಪ್‌ಡೇಟ್ ಬಂದಿದೆ' ಎಂಬ ಸೂಚನೆ ಕಂಡರೆ ಒತ್ತದೆ ಬಿಡಲಾರೆ. ಒಲೆಯ ಮೇಲೆ ಹಾಲಿರಲಿ, ಬಾಗಿಲಲ್ಲಿ ಬೀಗರಿರಲಿ, ಮೊದಲು ಅದನ್ನು ಒತ್ತಬೇಕು. ನಡೆಯುತ್ತಿರುವುದನ್ನು ನಡೆಯಲು ಬಿಡಬೇಕೆಂಬ ಬುದ್ಧಿ ಲೋಕದಲ್ಲಿ ಎಲ್ಲರಿಗೂ ಇದ್ದಂತಿದೆ. ಕಾಲೇಜಿನ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಪುಸ್ತಕ ಜೋಡಿಸಿದ ನನಗೆ ಮಾತ್ರ ಬರಲಿಲ್ಲ. ಮೇಲಾಗಿ ಮನೆಯ ಕಂಪ್ಯೂಟರಿನಲ್ಲಿ ಮುಕ್ತ ತಂತ್ರಾಂಶ ಹಾಕಿದವಳು ನಾನೇ. "ಇದರಾಗ ಯಾರ ಹಂಗೂ ಇಲ್ಲರಿ. ಕೆಟ್ರ ನಾವ ರಿಪೇರಿ ಮಾಡ್ಕೋಬಹುದು" ಎಂದು ಗ್ರಂಥಾಲಯಕ್ಕೆ ಬಂದ ಮಾಸ್ತರರಿಗೆಲ್ಲ ಉಪದೇಶ ಮಾಡಿದವಳೂ ನಾನೇ. ಆ ವಾಕ್ಯದಲ್ಲಿ 'ಕೆಟ್ರ' ಎಂಬುದೂ ಒಂದು ಪದ ಎಂದು ಆಗ ನನಗೆ ಹೊಳೆದಿರಲಿಲ್ಲ.

ಆ ಕಂಪ್ಯೂಟರನ್ನು ನನಗಿಂತ ಹೆಚ್ಚು ಬಳಸುವವರು ನಮ್ಮ ಅತ್ತೆ. ಶಿವಬಸವ ನಗರದ ನಮ್ಮ ಮನೆಯಲ್ಲಿ ಸಂಜೆ ನಾಲ್ಕಾದರೆ ಅವರು ಸೆರಗು ಸರಿಮಾಡಿಕೊಂಡು ಅದರ ಮುಂದೆ ಕೂರುತ್ತಾರೆ. ಅತ್ತ ಖಾನಾಪುರದಲ್ಲಿ ಅವರ ತಂಗಿ, ನಮಗೆಲ್ಲ ಮೌಶಿ, ತಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂರುತ್ತಾರೆ. ಇಬ್ಬರೂ ಮುಖ ನೋಡಿಕೊಂಡು ಒಂದು ತಾಸು ಮಾತಾಡದಿದ್ದರೆ ಆ ದಿನ ಮುಳುಗುವುದಿಲ್ಲ. ಅತ್ತೆಯ ಕಿವಿ ಸ್ವಲ್ಪ ಮಂದ. ಮೊಬೈಲಿನ ದನಿ ಸಾಲದು, ಕಂಪ್ಯೂಟರಿನ ಎರಡು ದೊಡ್ಡ ಸ್ಪೀಕರುಗಳೇ ಬೇಕು. ಆ ಸೋಮವಾರ ಮಾತು ಹೋಳಿಗೆಯ ಕಟ್ಟಿನ ಸಾರಿಗೆ ಬಂತು. "ಏನ ಅನ್ನು ಅಕ್ಕಾ, ನಿನ್ನ ಸಾರಿಗೆ ಅವ್ವನ ಕೈರುಚಿ ಬರಂಗಿಲ್ಲ" ಎಂದರು ಮೌಶಿ. "ನಿನ್ನ ನಾಲಿಗೀನ ಸತ್ತೈತಿ" ಎಂದರು ಅತ್ತೆ. ಅಲ್ಲಿಗೆ ಅಂದಿನ ಮಾತು ಮುಗಿಯಿತು. ಮರುದಿನ ಬೆಳಿಗ್ಗೆ ನಾನು ಅಪ್‌ಡೇಟ್ ಒತ್ತಿದೆ.

ಸಂಜೆ ಮೌಶಿಯ ಮುಖ ಬಂತು, ದನಿ ಬರಲಿಲ್ಲ. ಅತ್ತೆಯ ದನಿ ಆ ಕಡೆಗೂ ಹೋಗಲಿಲ್ಲ. ಅತ್ತೆ ಕೂಗಿದರು, ಕೈ ಬೀಸಿದರು, ಸ್ಪೀಕರಿನ ನೆತ್ತಿಗೆ ಎರಡು ಬಡಿದರು. ಖಾನಾಪುರದಲ್ಲಿ ಕೂತು ನೋಡುವವರಿಗೆ ಇದೆಲ್ಲ ಹೇಗೆ ಕಂಡಿರಬೇಕೋ! ಮೌಶಿ ದುರುಗುಟ್ಟಿ ನೋಡಿ, ಎದ್ದು ಹೋದರು.

ಮರುದಿನ ಮೌಶಿಯ ಸೊಸೆ ನನ್ನ ಮೊಬೈಲಿಗೆ ಫೋನ್ ಮಾಡಿದಳು. "ಅಕ್ಕಾರ, ನಿಮ್ಮ ಅತ್ತಿಯಾರು ಏನರೆ ಬೈದಾರೇನ್ರಿ? ನಮ್ಮತ್ತಿ ನಿನ್ನಿಂದ ಸರಿಯಾಗಿ ಊಟಾನ ಮಾಡವಲ್ರು." ನಾನು ಇದ್ದ ವಿಷಯ ಹೇಳಿದೆ. ಹಿಂದಿನಿಂದ ಮೌಶಿಯ ಸ್ವರ ಕೇಳಿಸಿತು: "ಸುಳ್ಳ! ಮಾರಿ ಬರತೈತಿ ಅಂದ್ಮ್ಯಾಲ ಮಾತ್ ಯಾಕ ಬರಂಗಿಲ್ಲ? ಆಕಿಗೆ ಸಿಟ್ಟೈತಿ, ಬರೇ ಬಾಯಿ ಆಡಿಸ್ಯಾಳ!" ಮೊಬೈಲನ್ನು ಅತ್ತೆಯ ಕಿವಿಗೆ ಹಿಡಿದೆ. ಅವರು "ಏನಂದಿ? ಏನಂದಿ?" ಎನ್ನುತ್ತಿದ್ದಂತೆಯೇ ಮೌಶಿ ಫೋನ್ ಇಟ್ಟುಬಿಟ್ಟರು. ಆಮೇಲೆ ಎತ್ತಲೂ ಇಲ್ಲ. ಆದರೂ ಅತ್ತೆ ದಿನವೂ ನಾಲ್ಕಕ್ಕೆ ಆ ಮೂಕ ಯಂತ್ರದ ಮುಂದೆ ಕೂರುವುದನ್ನು ಬಿಡಲಿಲ್ಲ. "ಲಗ್ನ ಆಗಿ ಬ್ಯಾರೆ ಬ್ಯಾರೆ ಊರಿಗೆ ಹೋದಾಗನೂ ಹಿಂಗ ಮಾತ ಬಿಟ್ಟಿರಲಿಲ್ಲವಾ" ಎಂದರು ಒಂದು ದಿನ.

"ಹೊಸಾದ ತಂದ್ರಾತು" ಎಂದರು ನಮ್ಮ ಯಜಮಾನರು. ಅದು ನನ್ನ ಉಪದೇಶಕ್ಕೇ ಅವಮಾನ. ಕ್ಯಾಂಪ್ ಬಡಾವಣೆಯ ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಆತ ಒಳಗೆಲ್ಲ ಇಣುಕಿ, "ಮೇಡಮ್ಮಾರ, ಸಾಮಾನು ಚಲೋ ಐತ್ರಿ. ನೀವು ಹಾಕಿದ ಹೊಸಾದು ಇದನ್ನ ಗುರ್ತ ಹಿಡಿಯವಲ್ದು, ಅಷ್ಟ" ಎಂದು ಕೈತೊಳೆದುಕೊಂಡ. ಅಂತರ್ಜಾಲದಲ್ಲಿ ಹುಡುಕಿದಾಗ ಒಂದೇ ದಾರಿ ಕಂಡಿತು: ದನಿ ಹೊರಡಿಸುವ ತಂತ್ರಾಂಶ, ಅಂದರೆ ಸೌಂಡ್ ಡ್ರೈವರಿನ ಮೂಲ ಕೋಡನ್ನೇ ಇಳಿಸಿಕೊಂಡು, ನಮ್ಮ ಯಂತ್ರಕ್ಕೆ ಹೊಂದುವಂತೆ ನಾವೇ ಅದನ್ನು ತಯಾರಿಸಿ ಕೂರಿಸಬೇಕು.

ಭಾನುವಾರ ಬೆಳಿಗ್ಗೆ ಕೆಲಸಕ್ಕೆ ಕೂತೆ. ಅತ್ತೆ ಬಾಜುವಿಗೆ ಕುರ್ಚಿ ಎಳೆದುಕೊಂಡರು. ಏನು ಮಾಡುತ್ತಿದ್ದೇನೆಂದು ಗಟ್ಟಿಯಾಗಿ ವಿವರಿಸಿದೆ. "ಅಂದ್ರ ಹಿಟ್ಟು ಸಿಗಲಿಲ್ಲ, ಗೋಧಿ ತಂದು ಗಿರಣಿಗೆ ಹಾಕಾಕತ್ತಿ ಅನ್ನು" ಎಂದರು. ಆ ಅಂತರ್ಜಾಲದ ಪಂಡಿತರಲ್ಲಿ ಒಬ್ಬರೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ. ನಾನು ನಾಲ್ಕಕ್ಷರದ ಒಂದು ಆಜ್ಞೆ ಹೊಡೆದೆ. ಪರದೆಯ ತುಂಬ ಸಾಲುಗಳು ದಡದಡ ಓಡತೊಡಗಿದವು. "ಅಯ್ಯ, ಎಷ್ಟ ಬರೀತೀಯವಾ! ಕೈ ನೋಯಂಗಿಲ್ಲೇನು?" ಎಂದರು ಅತ್ತೆ. ನನ್ನ ಎರಡೂ ಕೈ ಚಹಾದ ಕಪ್ಪಿನ ಮೇಲಿದ್ದವು. ಆದರೂ ನಾನು ತಿದ್ದಲಿಲ್ಲ. ಸೊಸೆಯಂದಿರಿಗೆ ಇಂಥ ಗಳಿಗೆ ಎಷ್ಟು ಸಲ ಒದಗುತ್ತದೆ?

ಓಡುತ್ತಿದ್ದ ಸಾಲುಗಳು ಗಕ್ಕನೆ ನಿಂತವು. ಯಾವುದೋ ಕಡತ ಇಲ್ಲವಂತೆ. ಅದನ್ನು ತಂದೆ. ಮತ್ತೆ ನಿಂತಿತು, ಈ ಸಲ ನಾನೇ ಒಂದು ಚುಕ್ಕಿ ಬಿಟ್ಟಿದ್ದೆ. ಮೂರನೆಯ ಸಲ ಕೊನೆ ಮುಟ್ಟಿತು. ಕಂಪ್ಯೂಟರನ್ನು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ದನಿಯಿಲ್ಲ! ಅಳು ಬರುವುದೊಂದು ಬಾಕಿ. ಬೇರೇನೂ ತೋಚದೆ, ಡ್ರೈವರಿನ ಜೊತೆ ಬಂದಿದ್ದ ಸೂಚನೆಗಳನ್ನು ತೆರೆದು ಕೊನೆಯವರೆಗೂ ಓದಿದೆ. ಕೊನೆಯ ಸಾಲಿನಲ್ಲಿತ್ತು: 'ಕೂರಿಸಿದ ಮೇಲೆ ಎಲ್ಲ ದನಿಗಳೂ ಮುಚ್ಚಿರುತ್ತವೆ. ನೀವೇ ತೆರೆಯಬೇಕು.' ಇಪ್ಪತ್ತು ವರ್ಷದಿಂದ ಹುಡುಗರಿಗೆ "ಪುಸ್ತಕ ಪೂರ್ತಿ ಓದ್ರೆಪ್ಪಾ" ಎಂದು ಹೇಳುತ್ತ ಬಂದವಳು, ಅತ್ತೆಗೆ ಕಾಣದಂತೆ ಪರದೆಯ ಮೇಲಿನ ಆ ಪುಟ ಮುಚ್ಚಿ, ದನಿ ತೆರೆದೆ. ಸ್ಪೀಕರು ಟಣ್ ಎಂದಿತು. ಅತ್ತೆ ಕುರ್ಚಿಯಿಂದ ಅರ್ಧ ಎದ್ದರು.

ಖಾನಾಪುರಕ್ಕೆ ಕರೆ ಹಚ್ಚಿದೆ. ಸೊಸೆ ಮೌಶಿಯನ್ನು ಒತ್ತಾಯದಿಂದ ತಂದು ಕೂರಿಸಿದಳು.

"ಮಾತಾಡಾಕ ಬರತೈತೇನ ಈಗರೆ?" ಎಂದರು ಮೌಶಿ.

"ಬರತೈತಿ. ಉಂಡಿಯಿಲ್ಲೋ?" ಎಂದರು ಅತ್ತೆ.

ಮೌಶಿ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನೂ ಕಣ್ಣೊರೆಸಿಕೊಂಡು, ಲೋಕಕಲ್ಯಾಣ ಮಾಡಿದವಳ ಗತ್ತಿನಲ್ಲಿ ಅಡುಗೆಮನೆಗೆ ನಡೆದೆ. ಹೊಸ ಡ್ರೈವರಿನ ದನಿ ಮೊದಲಿಗಿಂತ ಸ್ವಚ್ಛವಾಗಿತ್ತು. ಕುಕ್ಕರಿನ ಸೀಟಿಯ ನಡುವೆಯೂ ಒಂದೊಂದು ಅಕ್ಷರ ಕೇಳುತ್ತಿತ್ತು.

"ಎಲ್ಲಾ ನಮ್ಮಾಕಿದ ಕಾರಭಾರ. ಚಲೋ ಇದ್ದದ್ದನ್ನ ಕೈಹಚ್ಚಿ ಕೆಡಿಸ್ತಾಳ" ಎಂದರು ಅತ್ತೆ.

"ನಮ್ಮಾಕಿನೂ ಅಷ್ಟ. ಸಾರಂತೂ..." ಎಂದರು ಮೌಶಿ.

"ಸಾರಿನ ಸುದ್ದಿ ಬಿಡು. ಇಕಿದು ಕೇಳ ಇಲ್ಲೆ..."

ಅಕ್ಕತಂಗಿಯರ ನಡುವೆ ಎಳ್ಳಷ್ಟೂ ಭೇದ ಉಳಿದಿರಲಿಲ್ಲ. ಚಹಾ ಒಯ್ದು ಇಟ್ಟೆ. "ಆಕಿಗೆ ಕೇಳಿಸ್ತೇನ?" ಎಂದು ಗಾಬರಿಯಾದರು ಮೌಶಿ. "ಇಲ್ಲ ಬಿಡು" ಎಂದರು ಅತ್ತೆ. ಆದರೂ ಮೌಶಿ ಹುಷಾರಾಗಿ ದನಿ ಇಳಿಸಿ, ನನ್ನ ಬಗ್ಗೆ ಇನ್ನೇನೋ ಶುರುಮಾಡಿದರು. ಅಡುಗೆಮನೆಯಿಂದ ಎಷ್ಟು ಕಿವಿಗೊಟ್ಟರೂ ತಿಳಿಯಲಿಲ್ಲ. ತಡೆಯಲಾಗದೆ, ಧೂಳು ಒರೆಸುವ ನೆಪದಲ್ಲಿ ಹೋಗಿ, ಸ್ಪೀಕರಿನ ಗುಂಡಿಯನ್ನು ನಾನೇ ಎರಡು ಸುತ್ತು ಏರಿಸಿ ಬಂದೆ.