ಫ್ಯಾಮಿಲಿ ರೂಮಿನ ಪರದೆ

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ಊರುಗಳ ಹೋಟೆಲಿನ ಪರದೆಗಳಿಗೆ ಏನಾದರೂ ಬಾಯಿ ಬಂದರೆ, ಅವು ಮೊದಲು ಮಾಡುವ ಕೆಲಸ ಪೊಲೀಸ್ ಠಾಣೆಗೆ ಹೋಗಿ ನನ್ನ ಗೆಳತಿಯ ಮೇಲೆ ದೂರು ಕೊಡುವುದು! ಎಳೆದದ್ದು, ಜಗ್ಗಿದ್ದು, ಗಂಟು ಹಾಕಿದ್ದು, ಕಂಬಿ ಸಮೇತ ಕಿತ್ತು ಕೆಡವಿದ್ದು, ಒಂದೇ ಎರಡೇ? ಸಾಕ್ಷಿ ಬೇಕೆಂದರೆ ನಾನಿದ್ದೇನೆ. ಎಲ್ಲ ಕಡೆಯೂ ಪಕ್ಕದಲ್ಲೇ ಇದ್ದೆ, ಮುಖ ಮುಚ್ಚಿಕೊಂಡು.

ತೊಂಬತ್ತರ ದಶಕದ ಕೊನೆಯ ಮಾತು. ನಾವಿಬ್ಬರೂ ಗೋಕಾಕಿನ ಒಂದು ಖಾಸಗಿ ಶಾಲೆಯಲ್ಲಿ ಅಕ್ಕೋರು. ನಮ್ಮ ಕಡೆ ಕಲಿಸುವ ಹೆಂಗಸರನ್ನು ಹಾಗೇ ಕರೆಯುವುದು. ಅವಳದು ಗಣಿತ, ನನ್ನದು ಕನ್ನಡ. ನನಗೆ ಗಂಡ, ಅತ್ತೆ, ಮಾವ, ಇಬ್ಬರು ನಾದಿನಿಯರು, ಮೇಲೆ ಅರ್ಧ ಗೋಕಾಕ ತುಂಬುವಷ್ಟು ಬೀಗರು. ಅವಳಿಗೆ ಯಾರೂ ಇಲ್ಲ. ತಂದೆ ತಾಯಿ ಬೇಗ ಹೋಗಿದ್ದರು, ಮದುವೆ ಯಾಕೋ ಕೂಡಿ ಬಂದಿರಲಿಲ್ಲ. ಅಂಕಲಗಿಯ ಕಡೆಯಿಂದ ಬಂದವಳು ಒಂದು ಬಾಡಿಗೆ ಕೋಣೆಯಲ್ಲಿ ಸ್ಟೋವು ಹೂಡಿಕೊಂಡು ಇದ್ದಳು. ಹೆಸರು ಹೇಳುವುದಿಲ್ಲ. ಹೇಳಿದರೆ ಬಂದು ನನ್ನ ಮನೆಯ ಪರದೆ ಹರಿದಾಳು!

ಶಾಲೆಗೆ ಸೂಟಿ ಎಂದರೆ ಸಾಕು, ಹತ್ತಿರದಲ್ಲಿ ಎಲ್ಲಿ ಸಂತೆಯೋ ಅಲ್ಲಿಗೆ ನಮ್ಮ ಸವಾರಿ. ಸಂತೆ ಸುತ್ತಿ ಕಾಲು ಸೋತ ಮೇಲೆ ಹೋಟೆಲ್. ಸಂತೆ ಬರೀ ನೆಪ, ಹೋಟೆಲೇ ಮುಖ್ಯ ಎಂದು ನಿಮಗೀಗ ಗೊತ್ತಾಗಿರಬೇಕು. ಮನೆಯಲ್ಲಿ ಮಾತ್ರ ಗೊತ್ತಾಗಿರಲಿಲ್ಲ. "ಕಾಯಿಪಲ್ಲೆ ತಾಜಾ ಸಿಗತಾವ್ರಿ" ಎಂದು ಅತ್ತೆಗೆ ಹೇಳಿ ಚೀಲ ಹಿಡಿದು ಹೊರಡುತ್ತಿದ್ದೆ.

ಆಗಿನ ಹೋಟೆಲುಗಳಲ್ಲಿ ಹೆಂಗಸರು ಕಂಡ ಕಂಡಲ್ಲಿ ಕೂರುವಂತಿರಲಿಲ್ಲ. ಒಳಗೆ ಒಂದು ಮೂಲೆಯಲ್ಲಿ ಪ್ಲೈವುಡ್ ಬಡಿದು ಮಾಡಿದ ಗೂಡು, ಅದಕ್ಕೆ ಹೂವಿನ ಚಿತ್ರದ ಒಂದು ಪರದೆ, ಮೇಲೆ ‘ಫ್ಯಾಮಿಲಿ ರೂಮ್’ ಎಂಬ ಬೋರ್ಡು. ಫ್ಯಾನು ಇದ್ದರೆ ತಿರುಗುತ್ತಿರಲಿಲ್ಲ, ತಿರುಗಿದರೆ ನಿಲ್ಲುತ್ತಿರಲಿಲ್ಲ. ಊರಿನ ಮಂದಿಯೆಲ್ಲ ಕೈ ಒರೆಸಿದ್ದ ಆ ಪರದೆಯನ್ನು ಹಿಂಡಿದರೆ ಒಂದು ಬೋಗುಣಿ ಸಾಂಬಾರು ಖಂಡಿತ ಬರುತ್ತಿತ್ತು.

ನನ್ನ ಮಟ್ಟಿಗೆ ಆ ಪರದೆ ದೇವರು ಕೊಟ್ಟ ವರ. ನಮ್ಮದು ಜೈನರ ಮನೆ. ಚಾತುರ್ಮಾಸ ಬಂತೆಂದರೆ ಉಳ್ಳಾಗಡ್ಡಿ, ಅಂದರೆ ಈರುಳ್ಳಿ, ಹೊಸ್ತಿಲು ದಾಟುವಂತಿಲ್ಲ. ಪರದೆಯ ಹಿಂದೆ ಕೂತು ಅದೇ ಉಳ್ಳಾಗಡ್ಡಿಯ ಕಾಂದಾ ಭಜಿ ತಿಂದರೆ ನೋಡುವವರು ಯಾರು? ಆದರೆ ಅವಳಿಗೆ ಅದನ್ನು ಕಂಡರೆ ಮೈಯೆಲ್ಲ ಉರಿ. ಅವಳ ಕಣ್ಣಿದ್ದದ್ದು ಗೋಕಾಕದ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಬಾಗಿಲಿಗೆ ಹತ್ತಿದ ಟೇಬಲಿನ ಮೇಲೆ. ಅಲ್ಲಿ ಕೂತರೆ ಬಾಜೂಕ್ಕೇ ಮಿರ್ಚಿ ಕರಿಯುವ ಭಟ್ಟಿ, ಎದುರಿಗೆ ಹೋಗುವ ಬರುವ ಬಸ್ಸು, ಕರದಂಟಿನ ಪೊಟ್ಟಣ ಹಿಡಿದು ಓಡುವ ಪರವೂರಿನವರು, ಬುಟ್ಟಿ, ಕೋಳಿ, ಮಕ್ಕಳು, ಜಗಳ, ಎಲ್ಲವೂ ಕಾಣುತ್ತಿತ್ತು.

ಮೊದಲ ಸಲ ನೆಟ್ಟಗೆ ಹೋಗಿ ಅಲ್ಲೇ ಕೂತಳು. ಗಲ್ಲಾದ ಮೇಲಿದ್ದ ಮಾಲಕರು, ದೊಡ್ಡ ಹೊಟ್ಟೆಯ ಸಣ್ಣ ದನಿಯ ಮನುಷ್ಯ, ಎದ್ದು ಬಂದರು.

"ಅಕ್ಕೋರ, ಒಳಗ ಕುಂದರ್ರಿ. ಫ್ಯಾಮಿಲಿ ರೂಮ್ ಐತಿ."

"ಅದು ಫ್ಯಾಮಿಲಿ ಇದ್ದವರಿಗೆ ಅಲ್ರಿ ಕಾಕಾ? ನಂಗ ಫ್ಯಾಮಿಲಿನ ಇಲ್ಲ!"

ಇಲ್ಲಿ ಒಂದು ಮಾತು. ನಮ್ಮ ಕಡೆಯ ಗಂಡಸರು ‘ಫ್ಯಾಮಿಲಿ’ ಎಂದರೆ ಅದು ಹೆಂಡತಿ ಎಂದರ್ಥ. "ನಮ್ಮ ಫ್ಯಾಮಿಲಿಗೆ ಜ್ವರಾ ಬಂದಾವ್ರಿ" ಎಂದರೆ ಮನೆಮಂದಿಯೆಲ್ಲ ಮಲಗಿದ್ದಾರೆಂದು ನೀವು ಗಾಬರಿಯಾಗಬಾರದು. ಬರುವ ಗಿರಾಕಿಗಳಿಗೆಲ್ಲ ಮಾಲಕರು ಕೇಳುವ ಮೊದಲ ಪ್ರಶ್ನೆಯೂ ಅದೇ: "ಒಬ್ಬರ ಬಂದೀರೋ, ಫ್ಯಾಮಿಲಿ ಜೋಡಿ ಬಂದೀರೋ?"

ಪಾಪ, ಅವಳ ಉತ್ತರಕ್ಕೆ ಮಾಲಕರು ತಬ್ಬಿಬ್ಬಾದರು. "ಹೆಣ್ಮಕ್ಕಳಿಗೆ ಫ್ಯಾಮಿಲಿ ಹೆಂಗ ಇರತೈತ್ರಿ? ಹೆಣ್ಮಕ್ಕಳು ಅಂದ್ರನ ಫ್ಯಾಮಿಲಿ" ಎಂದರು. ಹೋಟೆಲಿಗೆ ಹೋಟೆಲೇ ತಿರುಗಿ ನೋಡುತ್ತಿತ್ತು. ನಾನು ಅವಳ ಕೈ ಹಿಡಿದು ದರದರ ಎಳೆದುಕೊಂಡು ಪರದೆಯ ಹಿಂದೆ ಕೂರಿಸಿದೆ. ಅವಳು ಕೂತವಳೇ ಪರದೆ ಸರಿಸಿದಳು. ಅಷ್ಟರಲ್ಲಿ ನಮ್ಮ ಮಾವನವರ ಗೆಳೆಯರೊಬ್ಬರು ಚಹಾಕ್ಕೆಂದು ಒಳಗೆ ಬರಬೇಕೆ? ನಾನು ಪರದೆ ಮುಚ್ಚಿದೆ. ಅವಳು ತೆರೆದಳು. ನಾನು ಜಗ್ಗಿದೆ. ಅವಳು ಇನ್ನೂ ಜೋರಾಗಿ ಜಗ್ಗಿದಳು. ಕಂಬಿ ಕಳಚಿ, ಪೂರಿ ಭಾಜಿ ತರುತ್ತಿದ್ದ ಸಪ್ಲೈಯರನ ತಲೆಯ ಮೇಲೆ ಪರದೆ ಬಿತ್ತು. ಆತ ಮದುಮಗಳ ಹಾಗೆ ಮುಸುಕು ಹೊದ್ದು ನಿಂತುಬಿಟ್ಟ! ಮಾವನವರ ಗೆಳೆಯರು ನನ್ನನ್ನು ನೋಡಿದರು. ನನ್ನ ಬಾಯಲ್ಲಿ ಅರ್ಧ ಕಾಂದಾ ಭಜಿ.

ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. "ಎಲ್ಲಿ ಕುಂತರ ಏನ? ಒಳಗ ಹೋಗೂದು ಅದ ಮಿರ್ಚಿ ಅಲ್ಲೇನು?"

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಿಸಿದಳು. ಆಮೇಲೆ ಅಂದಳು: "ನಿಂಗ ತಿಳಿಯಂಗಿಲ್ಲ ಬಿಡು. ವಾರ ಪೂರ್ತಿ ಗ್ವಾಡಿ ನೋಡ್ಕೋತ ಉಣ್ಣತೇನಿ. ಒಂದಿನಾರ ಮಂದಿ ನೋಡ್ಕೋತ ಉಣ್ಣಬೇಕ ಅನಸ್ತೈತಿ."

ಆರು ಮಂದಿಯ ಗದ್ದಲದಲ್ಲಿ ಉಣ್ಣುವವಳು ನಾನು. ಗೋಡೆ ನೋಡಿಕೊಂಡು ಉಣ್ಣುವುದು ನನಗಂತೂ ಸುಖವೆಂದೇ ಕಾಣುತ್ತಿತ್ತು. ಅವತ್ತಿನಿಂದ ಆ ಟೇಬಲ್ಲು ನನಗೂ ಬೇಕೆನಿಸತೊಡಗಿತು, ಧೈರ್ಯ ಮಾತ್ರ ಬರಲಿಲ್ಲ.

ಅವಳ ಸಂತೆಯ ಪ್ರತಾಪವನ್ನು ಹೇಳದಿದ್ದರೆ ತಪ್ಪಾದೀತು. ಬದನೆಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದಳು. ಯಾಕೆ ಎಂದರೆ "ಹುಳಾ ಇದ್ರ ಮಾತಾಡತೈತಿ" ಎನ್ನುತ್ತಿದ್ದಳು! ಒಮ್ಮೆ ಮೂಡಲಗಿಯ ಸಂತೆಯಲ್ಲಿ ಕಾಯಿಪಲ್ಲೆಯ ಸಾಲು ಬಿಟ್ಟು ಸೀದಾ ದನದ ಸಾಮಾನಿನ ಕಡೆ ನಡೆದಳು. ಹಗ್ಗ ಮಾರುವ ಅಜ್ಜನ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೊಂದನ್ನೇ ಜಗ್ಗಿ ನೋಡಿದಳು. ಕೊನೆಗೆ ಕೆಂಪು ಗೊಂಡೆಯ ಒಂದು ಹಗ್ಗ ಆರಿಸಿದಳು, ಜೊತೆಗೆ ಎರಡು ಗಂಟೆ. ಅಜ್ಜನಿಗೆ ಬಹಳ ಖುಷಿ.

"ಎತ್ತ ಯಾವ ಕಡೇವ ಯವ್ವಾ? ಕಿಲಾರಿ ಜಾತಿವ ಅದಾವೇನು?"

"ಎತ್ತಿಲ್ಲ ಅಜ್ಜಾ."

"ಹಂಗಾರ ಆಕಳ?"

"ಆಕಳೂ ಇಲ್ಲ."

"ಮತ್ತ ಹಗ್ಗಾ ಯಾರಿಗೆ ಕಟ್ಟತಿ?"

"ಪರದಾಕ್ಕ!"

ಅಜ್ಜ ನನ್ನ ಕಡೆ ನೋಡಿ, ಕರುಣೆಯಿಂದ, "ದವಾಖಾನಿಗೆ ತೋರಸೀರೇನು?" ಎಂದ. ಕಲ್ಲೋಳಿ ದಾಟುವ ತನಕ ಬಸ್ಸಿನಲ್ಲಿ ಆ ಗಂಟೆಗಳು ಗಣಗಣ ಎನ್ನುತ್ತಿದ್ದವು. ಕಂಡಕ್ಟರು ಎರಡು ಸಲ ಸೀಟಿನ ಕೆಳಗೆ ಬಗ್ಗಿ ಆಡು ಹುಡುಕಿದ!

ಆ ಹಗ್ಗ ಮೊದಲು ಕೆಲಸಕ್ಕೆ ಬಂದದ್ದು ಹುಕ್ಕೇರಿಯಲ್ಲಿ, ಮಿಸಳ್ ತಿನ್ನಲು ಹೋದಾಗ. ಕೂತ ತಕ್ಷಣ ಪರದೆಯನ್ನು ಒಟ್ಟು ಮಾಡಿ, ಗೊಂಡೆಯ ಹಗ್ಗದಿಂದ ಬಿಗಿದು, ಗಂಟೆ ಎರಡನ್ನೂ ಇಳಿಬಿಟ್ಟಳು. ಗಾಳಿ ಬಂದಾಗಲೆಲ್ಲ ಗಣಗಣ. ನಮ್ಮ ಪಕ್ಕದ ಗೂಡಿನಲ್ಲಿ ವಯಸ್ಸಾದ ಒಬ್ಬ ಹೆಂಗಸು ಒಬ್ಬಳೇ ಕೂತಿದ್ದಳು. ಅವಳ ಗಂಡ ಹೊರಗೆ ಗಂಡಸರ ನಡುವೆ. ನನ್ನ ಗೆಳತಿ ಸುಮ್ಮನಿದ್ದಾಳೆಯೇ? ಹೋಗಿ ಆ ಗಂಡನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ರಿ ಕಾಕಾ, ನಿಮ್ಮ ಫ್ಯಾಮಿಲಿ ಒಳಗ ಕುಂತೈತಿ, ನೀವ ಹೊರಗ! ಇದ್ಯಾವ ನ್ಯಾಯ್ರಿ?"

ಮುದುಕ ಸುತ್ತ ನೋಡಿ ದನಿ ತಗ್ಗಿಸಿದ. "ಸಾವಕಾಶ ಮಾತಾಡ್ರಿ ತಾಯಿ. ಅಕಿ ಮುಂದ ಕುಂತ್ರ ಎರಡನೇ ಪ್ಲೇಟ್ ತಿನ್ನಾಕ ಬಿಡಂಗಿಲ್ಲ."

ಒಳಗಿನಿಂದ ಮುದುಕಿಯ ದನಿ ಬಂತು: "ಕೇಳಸ್ತು!"

ಇನ್ನು ಗೋಕಾಕದ ಟೇಬಲ್ಲು. ಅದು ನಮ್ಮ ಕೈಗೆ ಬಂದದ್ದು ಹಗ್ಗದಿಂದಲ್ಲ, ಸ್ವತಃ ಮಾಲಕರ ಬಾಯಿಂದ. ಒಂದು ಸೂಟಿಯ ದಿನ ಅವರ ಹೆಂಡತಿ ಯಾವುದೋ ಕೆಲಸಕ್ಕೆ ಪೇಟೆಗೆ ಬಂದವರು ಹೋಟೆಲಿನ ಬಾಗಿಲಲ್ಲಿ ನಿಂತಿದ್ದರು. ಮಾಲಕರು ಹೆಮ್ಮೆಯಿಂದ ಪರಿಚಯ ಮಾಡಿಸಿದರು. "ಇವರು ನಮ್ಮ ಫ್ಯಾಮಿಲಿ ರೀ ಅಕ್ಕೋರ."

ಗಣಿತದ ಅಕ್ಕೋರ ಕಣ್ಣು ಮಿಂಚಿತು. "ಹೌದೇನ್ರಿ? ನಿಮ್ಮ ಫ್ಯಾಮಿಲಿ ಇವರೊಬ್ಬರ?"

"ಅಯ್ಯಯ್ಯ! ಒಬ್ಬರ ರೀ!"

"ಹಂಗಾರ ಫ್ಯಾಮಿಲಿ ರೂಮ್ ಇವರೊಬ್ಬರದ ಆತು. ನಾವ ಇನ್ನೊಬ್ಬರ ರೂಮಿನ್ಯಾಗ ಯಾಕ ಕುಂದರೂಣ್ರಿ?" ಎಂದವಳೇ ಬಾಗಿಲ ಟೇಬಲಿಗೆ ನಡೆದಳು. "ಬರ್ರಿ ಅಕ್ಕಾರ, ನೀವೂ ಬರ್ರಿ" ಎಂದು ಮಾಲಕರ ಹೆಂಡತಿಯ ಕೈಯನ್ನೂ ಹಿಡಿದು ಕೂರಿಸಿಕೊಂಡಳು. ಆ ತಾಯಿ ಸೆರಗು ಸರಿಮಾಡಿಕೊಂಡು ಅತ್ತಿತ್ತ ನೋಡಿದರು. "ಖರೆ ಹೇಳಬೇಕಂದ್ರ, ನಮ್ಮ ಹೋಟೆಲ್‌ನಾಗ ನಾ ಇಲ್ಲಿ ಕುಂತದ್ದ ಇಲ್ಲ ನೋಡ್ರಿ" ಎಂದರು. ಬಿಸಿ ಮಿರ್ಚಿ ಬಂತು. ಒಂದನ್ನು ಮುರಿದು ತಿಂದು, ಗಲ್ಲಾದ ಕಡೆ ಕತ್ತೆತ್ತಿ, ಹೋಟೆಲಿಗೆಲ್ಲ ಕೇಳುವ ಹಾಗೆ ಕೂಗಿದರು: "ಹಿಟ್ಟಿನ್ಯಾಗ ಅಜವಾನನ ಇಲ್ಲಲ್ರಿ! ಇದನ್ನ ಮಂದಿಗೆ ತಿನಸಾಕತ್ತೀರೇನು?"

ಮಾಲಕರು ಗಲ್ಲಾ ಬಿಟ್ಟು ಭಟ್ಟಿಯ ಕಡೆ ಓಡಿದರು. ಆ ದಿನದಿಂದ ಅದು ಅಕ್ಕೋರ ಟೇಬಲ್ ಎಂದೇ ಆಯಿತು. ಮಿರ್ಚಿಯೂ ಸುಧಾರಿಸಿತು! ನಾನೂ ಅಲ್ಲೇ ಕೂತೆ. ಮಾವನವರ ಗೆಳೆಯರು ಬಂದರೆ ಬರಲಿ ಎಂದುಕೊಂಡೆ. ಬಂದರು ಕೂಡ. ನಮಸ್ಕಾರ ಎಂದೆ. ನಮಸ್ಕಾರ ಎಂದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಇಷ್ಟು ಸುಲಭದ ಕೆಲಸವನ್ನು ಬೇಗ ಯಾಕೆ ಮಾಡಲಿಲ್ಲವೋ!

ಹೀಗೆ ಎಷ್ಟೋ ಸೂಟಿಗಳು ಕಳೆದವು. ಆಮೇಲೆ ನಮ್ಮ ಮನೆಯವರಿಗೆ ವಿಜಾಪುರಕ್ಕೆ ಬದಲಿಯಾಯಿತು. ನಾನು ಶಾಲೆ ಬಿಡಬೇಕಾಯಿತು. ಸುದ್ದಿ ಹೇಳಿದಾಗ ಅವಳು "ಹೌದಾ? ಅಲ್ಲಿ ಸಂತಿ ಛಲೋ ಆಕ್ಕೈತಂತ" ಎಂದು ಮಕ್ಕಳ ಪೇಪರು ತಿದ್ದುತ್ತಾ ಕೂತಳು. ನನಗೆ ಸಿಟ್ಟೇ ಬಂತು. ಇಷ್ಟೇನಾ?

ಹೊರಡುವ ಮುಂಚಿನ ರವಿವಾರ ಇಬ್ಬರೂ ಹೋಟೆಲಿಗೆ ಹೋದೆವು. ಬಾಗಿಲ ಟೇಬಲ್ ಖಾಲಿ ಇತ್ತು. ಭಟ್ಟಿ ಉರಿಯುತ್ತಿತ್ತು, ಹೊರಗೆ ಜಾತ್ರೆಯಷ್ಟು ಮಂದಿ. ನಾನು ಕುರ್ಚಿ ಎಳೆದೆ. ಅವಳು ನಿಲ್ಲಲಿಲ್ಲ. ನೆಟ್ಟಗೆ ಒಳಗೆ ಹೋದಳು, ಫ್ಯಾಮಿಲಿ ರೂಮಿನಲ್ಲಿ ಕೂತಳು, ನಾನು ಹಿಂದೆಯೇ ಬಂದ ಮೇಲೆ ತಾನೇ ಕೈ ಚಾಚಿ ಪರದೆ ಎಳೆದಳು. ಆ ಪರದೆಗೂ ನಂಬಿಕೆ ಬಂದಿರಲಿಕ್ಕಿಲ್ಲ!

"ಏನಾತ ನಿಂಗ? ಮಂದಿ ನೋಡೂದಿಲ್ಲೇನ ಇವತ್ತ?" ಎಂದೆ.

"ಮಂದಿ ಎಲ್ಲಿ ಹೋಗತಾರ? ಮುಂದಿನ ವಾರಾನೂ ಇರತಾರ" ಎಂದಳು. ಹಾಗೆ ಹೇಳಿ ನನ್ನ ಮುಖವನ್ನೇ ನೋಡುತ್ತಾ ಕೂತಳು. ಬೇರೆ ಹೊತ್ತಾಗಿದ್ದರೆ ನಗಿಸಿಬಿಡುತ್ತಿದ್ದೆ. ಅವತ್ತು ನೀರಿನ ಲೋಟ ತಿರುಗಿಸುತ್ತಾ ಕೂತೆ.

ಮಾಲಕರೇ ಎದ್ದು ಬಂದು, ಪರದೆಯ ಅಂಚು ಸರಿಸಿ ಇಣುಕಿದರು. "ಯಾಕ್ರಿ ಅಕ್ಕೋರ, ನಿಮ್ಮ ಟೇಬಲ್ ಖಾಲಿನ ಐತಲ್ರಿ. ಒಳಗ ಯಾಕ ಕುಂತ್ರಿ?"

ಅವಳು ಟೇಬಲಿನ ಮೇಲಿದ್ದ ನನ್ನ ಕೈಯ ಮೇಲೆ ತನ್ನ ಕೈಯಿಟ್ಟಳು.

"ಇವತ್ತ ಫ್ಯಾಮಿಲಿ ಜೋಡಿ ಬಂದೇನ್ರಿ ಕಾಕಾ."

ಮಾಲಕರು ಪರದೆಯನ್ನು ಮೆಲ್ಲಗೆ ಇಳಿಬಿಟ್ಟು ಹೋದರು.